ಮನೆಯ ಕಾರಿಗೂ ಇರಲಿ ಒಂದು ಲಾಗ್‌ಬುಕ್

ಸರ್ಕಾರಿ ಸೇವೆಯಲ್ಲಿದ್ದ ಮೂರು ದಶಕಗಳಲ್ಲಿ ನಾನು ಎಷ್ಟು ಜೀಪುಗಳ ಲಾಗ್‌ಬುಕ್ಕಿಗೆ ಸಹಿ ಹಾಕಿರಬಹುದೆಂಬ ಲೆಕ್ಕ ನನ್ನಲ್ಲಿಲ್ಲ. ಹೊರಟಾಗಿನ ಕಿಲೋಮೀಟರ್, ತಲುಪಿದಾಗಿನ ಕಿಲೋಮೀಟರ್, ಪ್ರವಾಸದ ಉದ್ದೇಶ, ತುಂಬಿಸಿದ ಇಂಧನ ಎಲ್ಲವನ್ನೂ ಚಾಲಕರು ಬರೆದು ಮುಂದಿಡುತ್ತಿದ್ದರು. ನಾನು ಓದದೆ ಸಹಿ ಹಾಕುತ್ತಿದ್ದೆ. ಆ ಪುಸ್ತಕವನ್ನು ನಿಜವಾಗಿ ಓದುತ್ತಿದ್ದವರು ಲೆಕ್ಕಪರಿಶೋಧನೆಗೆ ಬರುತ್ತಿದ್ದವರು ಮಾತ್ರ. ಲೀಟರಿಗೆ ಒಂಬತ್ತು ಕಿ.ಮೀ. ಓಡುತ್ತಿದ್ದ ಜೀಪು ಏಳಕ್ಕೆ ಇಳಿದದ್ದೇಕೆ ಎಂದು ಅವರು ಆಕ್ಷೇಪಣೆ ಬರೆದಾಗ ಉತ್ತರ ಹುಡುಕುವ ಕೆಲಸ ಗುಮಾಸ್ತರ ಪಾಲಿಗೆ ಬರುತ್ತಿತ್ತು. ನಿವೃತ್ತನಾಗಿ ಕೊಪ್ಪದ ಬಳಿಯ ಮನೆಗೆ ಬಂದು, ಪೆಟ್ರೋಲಿನ ಹಣ ಸ್ವಂತ ಜೇಬಿನಿಂದ ಹೋಗತೊಡಗಿದ ಮೇಲೆ ಆ ಪ್ರಶ್ನೆಯ ಮಹತ್ವ ನನಗೆ ಅರ್ಥವಾಯಿತು. ಈಗ ನನ್ನ ಕಾರಿಗೂ ಒಂದು ಲಾಗ್‌ಬುಕ್ ಇದೆ. ಬರೆಯುವವನೂ ನಾನೇ, ಓದುವವನೂ ನಾನೇ.

ಮಹಾನಗರದ ಓದುಗರಿಗೆ ಕಾರು ಎಂಬುದು ಅನುಕೂಲದ ಮಾತಾಗಿರಬಹುದು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ಒಂಟಿಮನೆಗಳಲ್ಲಿ ಅದು ಅನಿವಾರ್ಯ. ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಒಂದು ಕಾಲದಲ್ಲಿ ಕಿರು ರೈಲು ಓಡುತ್ತಿತ್ತು. ಅದು ನಿಂತು ಎಷ್ಟೋ ದಶಕಗಳಾದವು. ಇಂದು ಈ ಮೂರೂ ತಾಲ್ಲೂಕುಗಳಲ್ಲಿ ರೈಲಿಲ್ಲ. ಹಿಂದಿನ ಖಾಸಗಿ ಬಸ್ ಸಂಸ್ಥೆಯೊಂದು ಬಾಗಿಲು ಹಾಕಿದಾಗ ಅದರ ಕಾರ್ಮಿಕರೇ ಒಗ್ಗೂಡಿ 1991ರಲ್ಲಿ ಕೊಪ್ಪದಲ್ಲಿ ಕಟ್ಟಿದ ಸಹಕಾರ ಸಾರಿಗೆ ದೇಶದ ಗಮನ ಸೆಳೆದ ಪ್ರಯೋಗವಾಗಿತ್ತು. ಸರ್ಕಾರಿ ಬಸ್ಸು ಕಾಣದ ಎಷ್ಟೋ ಒಳದಾರಿಗಳಿಗೆ ಅದರ ಬಸ್ಸುಗಳೇ ಆಧಾರ. 2020ರ ಫೆಬ್ರುವರಿಯಲ್ಲಿ ಅದು ಸಂಚಾರ ನಿಲ್ಲಿಸಿತು. ಅದನ್ನು ಕುಗ್ಗಿಸಿದ ಹಲವು ಹೊರೆಗಳಲ್ಲಿ ಡೀಸೆಲ್ ದರವೂ ಒಂದು. ಅಂದಿನಿಂದ ಬಸ್ಸಿನಲ್ಲಿ ಹೋಗುತ್ತಿದ್ದ ಎಷ್ಟೋ ಕುಟುಂಬಗಳು ಹಳೆಯ ಕಾರೊಂದನ್ನು ಕೊಂಡು ಅಂಗಳದಲ್ಲಿ ನಿಲ್ಲಿಸಿಕೊಂಡಿವೆ. ಆಸ್ಪತ್ರೆಗೂ ಅದೇ, ಮಗುವಿನ ಶಾಲೆಗೂ ಅದೇ, ಗೊಬ್ಬರದ ಚೀಲಕ್ಕೂ ಅದೇ.

ಇಂಧನದ ದರ ನಮ್ಮ ಕೈಯಲ್ಲಿಲ್ಲ. 2010ರ ಜೂನ್‌ನಲ್ಲಿ ಪೆಟ್ರೋಲ್, 2014ರ ಅಕ್ಟೋಬರ್‌ನಲ್ಲಿ ಡೀಸೆಲ್ ಸರ್ಕಾರದ ದರ ನಿಯಂತ್ರಣದಿಂದ ಹೊರಬಂದವು. 2017ರ ಜೂನ್‌ನಲ್ಲಿ ದಿನದಿನದ ದರ ಪರಿಷ್ಕರಣೆ ದೇಶದಾದ್ಯಂತ ಜಾರಿಗೆ ಬಂತು. 2024ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಮಾರಾಟ ತೆರಿಗೆ ಏರಿಸಿದಾಗ ಪೆಟ್ರೋಲ್ ಲೀಟರಿಗೆ ಸುಮಾರು ಮೂರು ರೂಪಾಯಿ ದುಬಾರಿಯಾಯಿತು. ದೇಶಕ್ಕೆ ಬೇಕಾದ ಕಚ್ಚಾ ತೈಲದಲ್ಲಿ ಶೇ 85ಕ್ಕಿಂತ ಹೆಚ್ಚು ಹೊರಗಿನಿಂದ ಬರುವಾಗ ಅಗ್ಗದ ಕಾಲ ಮರಳೀತೆಂದು ಕಾಯುವುದರಲ್ಲಿ ಅರ್ಥವಿಲ್ಲ. ನಮ್ಮ ಕೈಯಲ್ಲಿರುವುದು ಬಳಕೆಯ ಪ್ರಮಾಣ ಮಾತ್ರ. ಆದರೆ ಆ ಪ್ರಮಾಣ ಎಷ್ಟೆಂದು ಕೇಳಿದರೆ ಹತ್ತರಲ್ಲಿ ಒಂಬತ್ತು ಮಂದಿ ಕಾರು ಕೊಂಡಾಗ ಷೋರೂಮಿನವರು ಹೇಳಿದ ಅಂಕಿಯನ್ನೇ ಹೇಳುತ್ತಾರೆ. ಅದು ಪರೀಕ್ಷಾ ಕೇಂದ್ರದ ಅಂಕಿ; ನಮ್ಮ ಏರು, ತಿರುವು, ಕೆಸರುಗಳ ಅಂಕಿಯಲ್ಲ.

ನಿಜವಾದ ಅಂಕಿ ತಿಳಿಯುವ ವಿಧಾನ ಬಹಳ ಸರಳ. ಬಂಕಿನಲ್ಲಿ ಪಂಪು ತಾನಾಗಿ ನಿಲ್ಲುವವರೆಗೆ ಟ್ಯಾಂಕು ತುಂಬಿಸಿ, ಮೀಟರಿನ ಕಿಲೋಮೀಟರ್ ಬರೆದಿಟ್ಟುಕೊಳ್ಳಬೇಕು. ಮುಂದಿನ ಬಾರಿ ಸಾಧ್ಯವಾದರೆ ಅದೇ ಪಂಪಿನಲ್ಲಿ ಮತ್ತೆ ಅಷ್ಟೇ ತುಂಬಿಸಬೇಕು. ನಡುವೆ ಓಡಿದ ದೂರವನ್ನು ಎರಡನೆಯ ಸಲ ಹಾಕಿಸಿದ ಲೀಟರುಗಳಿಂದ ಭಾಗಿಸಿದರೆ ಉತ್ತರ ಸಿಗುತ್ತದೆ. ಒಂದು ಸಲದ ಲೆಕ್ಕವನ್ನು ನಂಬಬಾರದು; ನಾಲ್ಕೈದು ಸಲದ ಸರಾಸರಿಯನ್ನು ನಂಬಬಹುದು. ಅಳತೆಯ ಬಗ್ಗೆಯೇ ಸಂಶಯ ಬಂದರೆ ಬಂಕಿನಲ್ಲಿರುವ ಐದು ಲೀಟರಿನ ಪರೀಕ್ಷಾ ಪಾತ್ರೆಗೆ ಹಾಕಿ ತೋರಿಸಿರೆಂದು ಕೇಳುವ ಹಕ್ಕು ಗ್ರಾಹಕನಿಗಿದೆ. ಕೇಳಲು ಸಂಕೋಚಪಡಬೇಕಾಗಿಲ್ಲ.

ಇಲ್ಲಿ ಅಂಕಗಣಿತದ ಒಂದು ಮೋಸವನ್ನು ಗಮನಿಸಬೇಕು. ಲೀಟರಿಗೆ ಎಷ್ಟು ಕಿಲೋಮೀಟರ್ ಎಂದು ಲೆಕ್ಕ ಹಾಕುವ ನಮ್ಮ ರೂಢಿ ಉಳಿತಾಯ ಎಲ್ಲಿದೆ ಎಂಬುದನ್ನು ಮರೆಮಾಡುತ್ತದೆ. ತಿಂಗಳಿಗೆ 1,000 ಕಿ.ಮೀ. ಓಡುವ ಎರಡು ವಾಹನಗಳನ್ನು ತೆಗೆದುಕೊಳ್ಳೋಣ. ಸಣ್ಣ ಕಾರೊಂದು 18ರಿಂದ 22 ಕಿ.ಮೀ.ಗೆ ಏರಿದರೆ ನಾಲ್ಕು ಕಿ.ಮೀ. ಹೆಚ್ಚಾಯಿತೆಂದು ಹಿಗ್ಗುತ್ತೇವೆ, ಉಳಿಯುವುದು ಸುಮಾರು 10 ಲೀಟರ್. ತೋಟದ ಹಳೆಯ ಜೀಪು 8ರಿಂದ 10ಕ್ಕೆ ಏರಿದರೆ ಎರಡೇ ಕಿ.ಮೀ. ತಾನೇ ಎನ್ನುತ್ತೇವೆ, ಉಳಿಯುವುದು 25 ಲೀಟರ್. ಲೀಟರಿಗೆ ನೂರು ರೂಪಾಯಿ ಎಂದಿಟ್ಟುಕೊಂಡರೂ ವರ್ಷಕ್ಕೆ ಮೂವತ್ತು ಸಾವಿರ ರೂಪಾಯಿ. ಯುರೋಪಿನವರು ನೂರು ಕಿ.ಮೀ.ಗೆ ಎಷ್ಟು ಲೀಟರ್ ಎಂದು ಲೆಕ್ಕ ಹಾಕುವುದರಿಂದ ಈ ಭ್ರಮೆ ಅವರನ್ನು ಕಾಡುವುದಿಲ್ಲ. ನಮ್ಮ ಊರುಗಳಲ್ಲಿ ಹೊಸ ಕಾರನ್ನು ಒರೆಸಿ ಒರೆಸಿ ಇಡುತ್ತೇವೆ, ಹಳೆಯ ಜೀಪನ್ನು ಕೊಟ್ಟಿಗೆಯ ಪಕ್ಕದಲ್ಲಿ ಬಿಟ್ಟುಬಿಡುತ್ತೇವೆ. ಹಣ ಸೋರುತ್ತಿರುವುದು ಕೊಟ್ಟಿಗೆಯ ಪಕ್ಕದಲ್ಲಿ.

ಲಾಗ್‌ಬುಕ್ಕಿನ ಇನ್ನೊಂದು ಉಪಯೋಗ ಗ್ಯಾರೇಜಿನಲ್ಲಿ ತಿಳಿಯುತ್ತದೆ. ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೆಯ ಕಾರುಗಳ ಮಾರುಕಟ್ಟೆಯನ್ನೇ ಉದಾಹರಣೆಯಾಗಿಟ್ಟುಕೊಂಡು ಒಂದು ಪ್ರಬಂಧ ಬರೆದರು. ಮಾರುವವನಿಗೆ ತಿಳಿದಿರುವುದು ಕೊಳ್ಳುವವನಿಗೆ ತಿಳಿಯದಿದ್ದರೆ ಮಾರುಕಟ್ಟೆಯೇ ಕೆಡುತ್ತದೆ ಎಂಬುದು ಅದರ ಸಾರ. 2001ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿಯೂ ಬಂತು. ಬಾನೆಟ್ ಎತ್ತಿದಾಗ ಮೆಕ್ಯಾನಿಕ್ಕಿಗೂ ಮಾಲೀಕನಿಗೂ ನಡುವೆ ಇರುವುದು ಇದೇ ಅಂತರ. ಕೆಲವು ವರ್ಷಗಳ ಹಿಂದೆ ಒಂದು ಸರ್ವಿಸ್ ಕೇಂದ್ರದಲ್ಲಿ, ಮೈಲೇಜ್ ಕಡಿಮೆಯಾಗಿರುವುದಕ್ಕೆ ಏರ್ ಫಿಲ್ಟರ್ ಕಟ್ಟಿಕೊಂಡಿರುವುದೇ ಕಾರಣ, ಬದಲಿಸಬೇಕು ಎಂದರು. ಮೂರು ತಿಂಗಳ ಹಿಂದೆ ಅಲ್ಲಿಯೇ ಬದಲಿಸಿದ್ದರೆಂದು ನನ್ನ ಪುಸ್ತಕದಲ್ಲಿತ್ತು. ತೋರಿಸಿದೆ. ‘ಹಾಗಾದರೆ ಇನ್ನೊಮ್ಮೆ ನೋಡುತ್ತೇವೆ ಸಾರ್’ ಎಂದು ಒಳಗೆ ಹೋದವರು, ಹಿಂದಿನ ಒಂದು ಚಕ್ರದ ಬ್ರೇಕ್ ಹಿಡಿದುಕೊಂಡಿದೆ ಎಂದು ಹೇಳುತ್ತಾ ಹೊರಗೆ ಬಂದರು. ರೋಗ ಅದೇ ಆಗಿತ್ತು. ಪುಸ್ತಕವಿಲ್ಲದಿದ್ದರೆ ಫಿಲ್ಟರಿಗೆ ಹಣ ಕೊಟ್ಟು, ಹಿಡಿದ ಬ್ರೇಕಿನೊಂದಿಗೇ ಮನೆಗೆ ಬರುತ್ತಿದ್ದೆ. ಮೆಕ್ಯಾನಿಕ್ಕುಗಳೆಲ್ಲ ಮೋಸಗಾರರೆಂದು ಇದರ ಅರ್ಥವಲ್ಲ. ವಿವರ ತಿಳಿದು ಬರುವ ಗ್ರಾಹಕನನ್ನು ಒಳ್ಳೆಯ ಮೆಕ್ಯಾನಿಕ್ ಇಷ್ಟಪಡುತ್ತಾನೆ; ಅವನ ಅರ್ಧ ಕೆಲಸ ಆಗಲೇ ಮುಗಿದಿರುತ್ತದೆ.

ಮನೆಯಂಗಳದಲ್ಲಿ ಸಾಮಾನ್ಯ ಚಾಲಕ ತಾನೇ ಮಾಡಬಹುದಾದದ್ದೇನು? ಮೊದಲನೆಯದು ಟೈರಿನ ಗಾಳಿ. ಎಷ್ಟು ಗಾಳಿ ಬೇಕೆಂಬುದನ್ನು ಸಾಮಾನ್ಯವಾಗಿ ಚಾಲಕನ ಬಾಗಿಲ ಕಂಬಕ್ಕೆ ಅಂಟಿಸಿದ ಚೀಟಿಯಲ್ಲಿ ಬರೆದಿರುತ್ತಾರೆ. ಟೈರಿನ ಬದಿಯಲ್ಲಿ ಅಚ್ಚಾಗಿರುವ ಅಂಕಿ ಗರಿಷ್ಠ ಮಿತಿಯದು, ಅದನ್ನು ಅನುಸರಿಸಬಾರದು. ಕಾರು ಓಡಿಸುವ ಮುನ್ನ, ಟೈರು ತಣ್ಣಗಿರುವಾಗ ಅಳೆಯಬೇಕು. ಕೆಲವು ನೂರು ರೂಪಾಯಿಗೆ ಸಿಗುವ ಗಾಳಿ ಮಾಪಕ ಮನೆಯಲ್ಲೇ ಇದ್ದರೆ ಒಳ್ಳೆಯದು. ಟೈರಿನಲ್ಲಿ ಒಂದು ಪಿಎಸ್‌ಐ ಗಾಳಿ ಇಳಿದರೆ ಮೈಲೇಜ್ ಶೇ 0.2ರಷ್ಟು ಇಳಿಯುತ್ತದೆಂದು ಅಮೆರಿಕದ ಇಂಧನ ಇಲಾಖೆ ಅಂದಾಜು ಮಾಡಿದೆ. ಚಿಕ್ಕ ಅಂಕಿ ಎನಿಸಬಹುದು. ಆದರೆ ನಾಲ್ಕೂ ಟೈರುಗಳಲ್ಲಿ ಹತ್ತು ಪಿಎಸ್‌ಐ ಕಡಿಮೆಯಿರುವ ಕಾರುಗಳು ನಮ್ಮಲ್ಲಿ ಅಪರೂಪವಲ್ಲ. ಅಂಥ ಟೈರು ಮಳೆಯಲ್ಲಿ ರಸ್ತೆಯನ್ನೂ ಸರಿಯಾಗಿ ಹಿಡಿಯುವುದಿಲ್ಲ, ಅಂಚು ಸವೆದು ಬೇಗ ಹಾಳಾಗುತ್ತದೆ.

ಎರಡನೆಯದು ಹಿಡಿದುಕೊಂಡ ಬ್ರೇಕ್. ಮಲೆನಾಡಿನ ಮಳೆಗಾಲದಲ್ಲಿ ಇದು ಸಾಮಾನ್ಯ ತೊಂದರೆ. ಹ್ಯಾಂಡ್‌ಬ್ರೇಕ್ ಎಳೆದು ವಾರಗಟ್ಟಲೆ ನಿಲ್ಲಿಸಿದ ಕಾರಿನಲ್ಲಿ ತೇವಕ್ಕೆ ತುಕ್ಕು ಹಿಡಿದು ಬ್ರೇಕ್ ಅಂಟಿಕೊಳ್ಳುತ್ತದೆ. ಆಮೇಲೆ ಕಾರು ಓಡುತ್ತದೆ, ಆದರೆ ಸದಾ ಬ್ರೇಕ್ ಒತ್ತಿಕೊಂಡೇ ಓಡುತ್ತದೆ. ಪರೀಕ್ಷೆ ಕಷ್ಟವಲ್ಲ. ಹತ್ತು ಕಿ.ಮೀ. ಓಡಿಸಿ ನಿಲ್ಲಿಸಿ, ಒಂದೊಂದು ಚಕ್ರದ ಹತ್ತಿರವೂ ಮುಟ್ಟದೆ ಕೈಯೊಡ್ಡಿ ನೋಡಿ. ಅದೇ ಕಡೆಯ ಜೋಡಿ ಚಕ್ರಕ್ಕಿಂತ ಒಂದು ಮಾತ್ರ ಹೆಚ್ಚು ಬಿಸಿಯಿದ್ದರೆ ಗ್ಯಾರೇಜಿಗೆ ಒಯ್ಯಿರಿ. ಮನೆಯ ಸಮತಟ್ಟಾದ ಶೆಡ್ಡಿನಲ್ಲಿ ಬಹಳ ದಿನ ನಿಲ್ಲಿಸುವುದಾದರೆ ಗೇರಿನಲ್ಲಿಟ್ಟು, ಚಕ್ರಕ್ಕೆ ಕಲ್ಲು ಕೊಟ್ಟು, ಹ್ಯಾಂಡ್‌ಬ್ರೇಕ್ ಬಿಡುವುದು ನಮ್ಮ ಹಿರಿಯ ಲಾರಿ ಚಾಲಕರ ರೂಢಿ. ಅದರಲ್ಲಿ ಅರ್ಥವಿದೆ.

ಮೂರನೆಯದು ಡಿಕ್ಕಿಯ ಸಾಮಾನು. ಸುಮಾರು 45 ಕೆ.ಜಿ. ಹೆಚ್ಚುವರಿ ಭಾರಕ್ಕೆ ಮೈಲೇಜ್ ಶೇ ಒಂದರಷ್ಟು ಇಳಿಯುತ್ತದೆನ್ನುವುದು ಸಾಮಾನ್ಯ ಅಂದಾಜು. ಏರುದಾರಿಯಲ್ಲಿ ಭಾರದ ಪೆಟ್ಟು ಇನ್ನೂ ಹೆಚ್ಚು. ಇಳಿಸಲು ಮರೆತ ಗೊಬ್ಬರದ ಚೀಲ ತಿಂಗಳುಗಟ್ಟಲೆ ಶೃಂಗೇರಿಗೂ ಶಿವಮೊಗ್ಗಕ್ಕೂ ಪ್ರವಾಸ ಮಾಡುವುದನ್ನು ನಾನು ನನ್ನ ಮನೆಯಲ್ಲೇ ಕಂಡಿದ್ದೇನೆ. ಏರ್ ಫಿಲ್ಟರ್ ಕುರಿತೂ ಒಂದು ಮಾತು. ಕಾರ್ಬ್ಯುರೇಟರ್ ಇದ್ದ ಹಳೆಯ ವಾಹನಗಳಲ್ಲಿ ಕೊಳೆ ತುಂಬಿದ ಫಿಲ್ಟರ್ ಮೈಲೇಜನ್ನು ತಿನ್ನುತ್ತಿತ್ತು. ಈಗಿನ ಇಂಜೆಕ್ಷನ್ ಕಾರುಗಳಲ್ಲಿ ಗಾಳಿ ಕಡಿಮೆಯಾದರೆ ಕಂಪ್ಯೂಟರ್ ಪೆಟ್ರೋಲನ್ನೂ ಕಡಿಮೆ ಮಾಡುತ್ತದೆ. ಎಳೆತ ಕುಗ್ಗುತ್ತದೆ, ಮೈಲೇಜ್ ಅಷ್ಟಾಗಿ ಕುಗ್ಗುವುದಿಲ್ಲ. ಫಿಲ್ಟರನ್ನು ಕಾಲಕಾಲಕ್ಕೆ ಬದಲಿಸಬೇಕು, ಆದರೆ ಅದರಿಂದ ಪವಾಡ ನಿರೀಕ್ಷಿಸಬಾರದು. ಡ್ಯಾಷ್‌ಬೋರ್ಡಿನಲ್ಲಿ ಎಂಜಿನ್ನಿನ ಹಳದಿ ದೀಪ ಹತ್ತಿದ್ದರೆ ಮಾತ್ರ ತಡಮಾಡಬಾರದು. ಆಮ್ಲಜನಕದ ಸೆನ್ಸರ್ ಕೆಟ್ಟ ಕಾರು ಕೈಗೆ ತಿಳಿಯದಂತೆ ಪೆಟ್ರೋಲನ್ನು ಧಾರಾಳವಾಗಿ ಸುಡುತ್ತದೆ.

ಈಚೆಗೆ ಮೈಲೇಜ್ ಇಳಿಯಿತೆಂದು ದೂರುವವರಲ್ಲಿ ಹಲವರು ಎಥೆನಾಲಿನ ಕಡೆ ಬೆರಳು ತೋರಿಸುತ್ತಾರೆ. 2025ರಲ್ಲಿ ದೇಶ ಪೆಟ್ರೋಲಿಗೆ ಶೇ 20 ಎಥೆನಾಲ್ ಬೆರೆಸುವ ಗುರಿ ಮುಟ್ಟಿತು. ಒಂದು ಲೀಟರ್ ಎಥೆನಾಲಿನಲ್ಲಿರುವ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೆಯ ಒಂದು ಭಾಗ ಕಡಿಮೆ. ಶುದ್ಧ ಪೆಟ್ರೋಲಿಗೆಂದು ರೂಪಿಸಿ ಶೇ 10ರ ಮಿಶ್ರಣಕ್ಕೆ ಹೊಂದಿಸಿದ ನಾಲ್ಕು ಚಕ್ರದ ವಾಹನಗಳಲ್ಲಿ ಶೇ 6ರಿಂದ 7ರಷ್ಟು ಇಳಿಕೆಯಾಗಬಹುದೆಂದು 2021ರ ನೀತಿ ಆಯೋಗದ ವರದಿಯೇ ಹೇಳಿತ್ತು. ಹಾಗಾಗಿ 18 ಕೊಡುತ್ತಿದ್ದ ಹಳೆಯ ಕಾರು 17ಕ್ಕೆ ಇಳಿದರೆ ಇಂಧನದ ಪಾತ್ರವಿರಬಹುದು. 14ಕ್ಕೆ ಇಳಿದರೆ ರೋಗ ಕಾರಿನಲ್ಲೇ ಇದೆ. ಈ ವ್ಯತ್ಯಾಸ ತಿಳಿಯಲು ಹಿಂದಿನ ಅಂಕಿಗಳು ಬೇಕು. ಅವು ಲಾಗ್‌ಬುಕ್ಕಿನಲ್ಲಿ ಮಾತ್ರ ಇರುತ್ತವೆ. ಎಥೆನಾಲ್ ತೇವವನ್ನು ಹೀರುತ್ತದೆ ಎಂಬುದನ್ನೂ ನಮ್ಮ ಕಡೆಯವರು ನೆನಪಿಡಬೇಕು. ಮಳೆಗಾಲದುದ್ದಕ್ಕೂ ಅರ್ಧ ಟ್ಯಾಂಕ್ ಪೆಟ್ರೋಲಿನೊಂದಿಗೆ ಕಾರನ್ನು ಸುಮ್ಮನೆ ನಿಲ್ಲಿಸುವುದು ಒಳ್ಳೆಯದಲ್ಲ. ಹಳೆಯ ಕಾರಾದರೆ ಪೆಟ್ರೋಲ್ ಕೊಳವೆಯ ರಬ್ಬರು ಬಿರುಕು ಬಿಟ್ಟಿದೆಯೇ, ವಾಸನೆ ಬರುತ್ತಿದೆಯೇ ಎಂದು ಆಗಾಗ ನೋಡಬೇಕು.

ಇಷ್ಟೆಲ್ಲ ಹೇಳಿದರೂ, ಉಳಿತಾಯದ ದೊಡ್ಡ ಪಾಲು ಇರುವುದು ಚಾಲಕನ ಬಲಗಾಲಿನಲ್ಲಿ. ಹರಿಹರಪುರದ ಮೇಲೆ ಶೃಂಗೇರಿಗೆ ಹೋಗುವ ದಾರಿಯಲ್ಲಿ ನೇರವಾದ ರಸ್ತೆ ಕಡಿಮೆ. ಎರಡು ತಿರುವುಗಳ ನಡುವೆ ಅಕ್ಸಿಲರೇಟರ್ ತುಳಿದು, ತಿರುವು ಬಂದೊಡನೆ ಬ್ರೇಕ್ ಒತ್ತುವವರು ಬೇಗ ತಲುಪುವುದು ನಾಲ್ಕೈದು ನಿಮಿಷ ಮಾತ್ರ. ಪ್ರತಿ ಬ್ರೇಕೂ, ಹಣ ಕೊಟ್ಟು ಪಡೆದ ವೇಗವನ್ನು ಶಾಖವಾಗಿಸಿ ಗಾಳಿಗೆ ಬಿಡುವ ಕ್ರಿಯೆ. ಮುಂದಿನ ತಿರುವನ್ನು ಮೊದಲೇ ಕಂಡು ಕಾಲು ತೆಗೆಯುವವನಿಗೆ ಬ್ರೇಕೂ ಉಳಿಯುತ್ತದೆ, ಪೆಟ್ರೋಲೂ ಉಳಿಯುತ್ತದೆ.

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಬೇಕು. ಈ ಲೇಖನ ಬರೆಯಲು ಅದೇ ಮುಖ್ಯ ಕಾರಣ. ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕಿದರೆ ಪೆಟ್ರೋಲ್ ಉಳಿಯುತ್ತದೆ ಎಂಬುದು ನಮ್ಮ ಭಾಗದಲ್ಲಿ ತಲೆಮಾರಿನಿಂದ ಬಂದ ‘ಜ್ಞಾನ’. 1998ರ ಮಳೆಗಾಲದಲ್ಲಿ ತಾಯಿಯವರ ಕಣ್ಣು ತೋರಿಸಲೆಂದು ಮಣಿಪಾಲದ ಕಡೆಗೆ ಹೊರಟಿದ್ದೆ. ಕಾರಿನಲ್ಲಿ ಹೆಂಡತಿ, ತಾಯಿ. ಆಗುಂಬೆ ಘಾಟಿಯ ಹದಿನಾಲ್ಕು ತಿರುವುಗಳನ್ನು ನ್ಯೂಟ್ರಲ್‌ನಲ್ಲಿ, ಬ್ರೇಕ್ ಒತ್ತುತ್ತಾ ಇಳಿಸುತ್ತಿದ್ದೆ. ಕೆಳಗಿನ ತಿರುವೊಂದರಲ್ಲಿ ಪೆಡಲ್ ಒಮ್ಮೆಲೇ ಮೆತ್ತಗಾಗಿ ತಳಕ್ಕೆ ಹೋಯಿತು. ಹ್ಯಾಂಡ್‌ಬ್ರೇಕ್ ಎಳೆದು, ಹೇಗೋ ಎರಡನೆಯ ಗೇರಿಗೆ ತಳ್ಳಿ, ಕಾರನ್ನು ಗುಡ್ಡದ ಬದಿಯ ಚರಂಡಿಗೆ ಇಳಿಸಿದೆ. ಇನ್ನೊಂದು ಬದಿಯಲ್ಲಿ ಕಣಿವೆಯಿತ್ತು. ತಾಯಿ ‘ಯಾಕೋ ನಿಲ್ಲಿಸಿದೆ?’ ಎಂದು ಕೇಳಿದರು. ನನಗೆ ಉತ್ತರ ಕೊಡಲಾಗಲಿಲ್ಲ. ಸೋಮೇಶ್ವರದಿಂದ ಬಂದ ವಯಸ್ಸಾದ ಮೆಕ್ಯಾನಿಕ್ ಎಲ್ಲವನ್ನೂ ನೋಡಿ, ‘ಬ್ರೇಕ್ ಆಯಿಲ್ ಯಾವಾಗ ಬದಲಿಸಿದ್ದು ಸಾರ್?’ ಎಂದರು. ಅದನ್ನು ಬದಲಿಸಬೇಕೆಂಬುದೇ ನನಗೆ ತಿಳಿದಿರಲಿಲ್ಲ. ಆ ಇಳಿಜಾರಿನಲ್ಲಿ ನಾನು ಉಳಿಸಿದ್ದು ಹೆಚ್ಚೆಂದರೆ ಒಂದು ಲೋಟ ಪೆಟ್ರೋಲ್.

ನಡೆದದ್ದೇನೆಂದು ಆಮೇಲೆ ಓದಿ ತಿಳಿದುಕೊಂಡೆ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುವ ದ್ರವ. ಡಾಟ್ 3 ದರ್ಜೆಯ ಹೊಸ ದ್ರವ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು, ಶೇ 3.7ರಷ್ಟು ನೀರು ಸೇರಿದ ಮೇಲೆ ಈ ಮಿತಿ 140 ಡಿಗ್ರಿಗೆ ಇಳಿಯುತ್ತದೆ. ಘಾಟಿಯಲ್ಲಿ ಸತತವಾಗಿ ಒತ್ತಿದ ಬ್ರೇಕ್ ಕಾದಾಗ ಹಳೆಯ ದ್ರವ ಕುದಿದು ಆವಿಯಾಗುತ್ತದೆ. ಪೆಡಲ್ ಒತ್ತಿದರೆ ಒತ್ತಡ ಬೀಳುವುದು ಆವಿಯ ಮೇಲೆ, ಚಕ್ರದ ಮೇಲಲ್ಲ. ವರ್ಷದ ಅರ್ಧಭಾಗ ತೇವದಲ್ಲೇ ಕಳೆಯುವ ನಮ್ಮ ಸೀಮೆಯಲ್ಲಿ ಈ ದ್ರವವನ್ನು ಎರಡು ವರ್ಷಕ್ಕೊಮ್ಮೆಯಾದರೂ ಬದಲಿಸಬೇಕು. ಇದು ಮೆಕ್ಯಾನಿಕ್ಕಿನ ಕೆಲಸ. ಬದಲಿಸಿದ ದಿನಾಂಕ ಬರೆದಿಡುವುದು ಮಾಲೀಕನ ಕೆಲಸ.

ನ್ಯೂಟ್ರಲ್‌ನ ನಂಬಿಕೆಗೆ ಇಂದು ಉಳಿತಾಯದ ಆಧಾರವೂ ಉಳಿದಿಲ್ಲ. ಇಂಜೆಕ್ಷನ್ ಎಂಜಿನ್ನಿರುವ ಕಾರು ಗೇರಿನಲ್ಲಿರುವಾಗ ಇಳಿಜಾರಿನಲ್ಲಿ ಅಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಕಂಪ್ಯೂಟರ್ ಇಂಧನವನ್ನು ಪೂರ್ತಿ ನಿಲ್ಲಿಸುತ್ತದೆ; ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತವೆ. ನ್ಯೂಟ್ರಲ್‌ಗೆ ಹಾಕಿದೊಡನೆ ಎಂಜಿನ್ ನಿಲ್ಲದಿರಲೆಂದು ಅದು ಮತ್ತೆ ಇಂಧನ ಹಾಯಿಸಬೇಕಾಗುತ್ತದೆ. ಅಂದರೆ ಘಾಟಿಯನ್ನು ಗೇರಿನಲ್ಲಿ ಇಳಿಯುವವನೇ ಕಡಿಮೆ ಪೆಟ್ರೋಲ್ ಸುಡುತ್ತಾನೆ, ಬ್ರೇಕನ್ನೂ ತಣ್ಣಗಿಡುತ್ತಾನೆ. ಸುರಕ್ಷತೆಯೂ ಮಿತವ್ಯಯವೂ ಒಂದೇ ದಾರಿಯಲ್ಲಿ ಸಾಗುವ ಇಂಥ ಸಂದರ್ಭಗಳು ಅರ್ಥಶಾಸ್ತ್ರದಲ್ಲಿ ಹೆಚ್ಚಿಲ್ಲ. ಆದರೂ ಆಗುಂಬೆಯಲ್ಲಿ ಎಂಜಿನ್ ಸದ್ದಿಲ್ಲದೆ ಜಾರಿ ಬರುವ ಕಾರುಗಳನ್ನು ಇಂದಿಗೂ ಕಾಣುತ್ತೇನೆ. ಇಂಜೆಕ್ಷನ್ ಕಾರುಗಳು ಬಂದು ಕಾಲು ಶತಮಾನವಾದರೂ ನಮ್ಮ ತಿಳಿವಳಿಕೆ ಕಾರ್ಬ್ಯುರೇಟರ್ ಕಾಲದಲ್ಲೇ ನಿಂತಿದೆ. ಚಾಲನಾ ಪರವಾನಗಿ ನೀಡುವ ಮುನ್ನ ಎಂಟು ಅಂಕಿಯ ಆಕಾರದಲ್ಲಿ ಓಡಿಸಿ ನೋಡುತ್ತಾರೆ. ಘಾಟಿ ಇಳಿಯುವ ಈ ಒಂದು ಪಾಠವನ್ನು ಮಲೆನಾಡಿನ ತಾಲ್ಲೂಕುಗಳಲ್ಲಾದರೂ ಕಡ್ಡಾಯ ಮಾಡಿದರೆ ಸಾರಿಗೆ ಇಲಾಖೆಗೆ ತಗಲುವ ಖರ್ಚು ಏನೂ ಇಲ್ಲ. ಮಳೆಗಾಲಕ್ಕೆ ಮುನ್ನ ಒಂದು ಭಾನುವಾರ ಐಟಿಐಗಳ ಅಂಗಳದಲ್ಲಿ ಸಾರ್ವಜನಿಕರ ಕಾರುಗಳ ಗಾಳಿ, ಬ್ರೇಕ್, ದೀಪಗಳನ್ನು ವಿದ್ಯಾರ್ಥಿಗಳಿಂದ ನೋಡಿಸಿದರೆ ಅವರಿಗೂ ಕಲಿಕೆ, ನಮಗೂ ಅನುಕೂಲ.

ಸ್ವತಃ ಮಾಡುವುದಕ್ಕೂ ಮಿತಿ ಇದೆ. ಜ್ಯಾಕಿನ ಮೇಲೆ ಮಾತ್ರ ನಿಂತ ಕಾರಿನ ಅಡಿಗೆ ತಲೆ ಹಾಕಬಾರದು. ಬಿಸಿ ರೇಡಿಯೇಟರಿನ ಮುಚ್ಚಳ ತೆರೆಯಬಾರದು. ಬ್ರೇಕ್, ಸ್ಟಿಯರಿಂಗ್, ಏರ್‌ಬ್ಯಾಗ್‌ಗಳನ್ನು ಬಿಚ್ಚುವುದು ತಜ್ಞರಿಗೇ ಇರಲಿ. ಎಂಜಿನ್ ಆಯಿಲ್ ಮನೆಯಲ್ಲೇ ಬದಲಿಸುವವರಿದ್ದಾರೆ, ತಪ್ಪಲ್ಲ. ಆದರೆ ತೆಗೆದ ಹಳೆಯ ಆಯಿಲನ್ನು ತೋಟದ ಕಪ್ಪಿಗೆ ಚೆಲ್ಲುವುದು ತಪ್ಪು. ಕಪ್ಪಿನ ನೀರು ಹಳ್ಳಕ್ಕೆ, ಹಳ್ಳದ ನೀರು ತುಂಗೆಗೋ ಭದ್ರೆಗೋ ಸೇರುತ್ತದೆ. ಶೃಂಗೇರಿಯ ಮೆಟ್ಟಿಲಲ್ಲಿ ನಿಂತು ಮೀನುಗಳಿಗೆ ಅಕ್ಕಿ ಹಾಕುವ ಕೈಯೇ ಮನೆಯಲ್ಲಿ ಆಯಿಲ್ ಚೆಲ್ಲಬಾರದು. ಅದನ್ನು ಡಬ್ಬಿಯಲ್ಲಿ ತುಂಬಿ, ಬಳಸಿದ ಆಯಿಲನ್ನು ಮರುಬಳಕೆಗೆ ಕಳಿಸುವ ಗ್ಯಾರೇಜಿಗೆ ಒಪ್ಪಿಸಬೇಕು.

ಕೊನೆಯದಾಗಿ, ಅರ್ಥಶಾಸ್ತ್ರದ ವಿದ್ಯಾರ್ಥಿಗಳಿಗೆ ಪರಿಚಿತವಾದ ಒಂದು ಎಚ್ಚರಿಕೆ. 1865ರಲ್ಲಿ ಇಂಗ್ಲೆಂಡಿನ ವಿಲಿಯಂ ಸ್ಟಾನ್ಲಿ ಜೆವನ್ಸ್ ಕಲ್ಲಿದ್ದಲ ಕುರಿತು ಬರೆಯುತ್ತಾ, ಯಂತ್ರಗಳು ಮಿತವ್ಯಯಿಗಳಾದಂತೆ ಕಲ್ಲಿದ್ದಲ ಬಳಕೆ ಇಳಿಯುವ ಬದಲು ಏರುತ್ತದೆ ಎಂದು ತೋರಿಸಿದ್ದ. ಕಾರು ಹೆಚ್ಚು ಮೈಲೇಜ್ ಕೊಡುತ್ತಿದೆಯೆಂದು ಪೇಟೆಗೆ ವಾರಕ್ಕೆ ಎರಡು ಸಲದ ಬದಲು ನಾಲ್ಕು ಸಲ ಹೋದರೆ ಉಳಿತಾಯವೆಲ್ಲ ಅಲ್ಲೇ ಕರಗುತ್ತದೆ. ಬ್ಯಾಂಕು, ಅಂಗಡಿ, ಔಷಧಿ, ಪಶು ಆಸ್ಪತ್ರೆ ಎಲ್ಲವನ್ನೂ ಒಂದೇ ಪ್ರಯಾಣದಲ್ಲಿ ಮುಗಿಸುವುದು, ಪಕ್ಕದ ಮನೆಯವರನ್ನೂ ಕೇಳಿ ಹೊರಡುವುದು ಯಾವ ಮೆಕ್ಯಾನಿಕ್ಕೂ ಕೊಡಲಾಗದ ಮೈಲೇಜ್. ಬಸ್ಸಿದ್ದ ಕಾಲದಲ್ಲಿ ನಾವೆಲ್ಲ ಮಾಡುತ್ತಿದ್ದದ್ದು ಇದನ್ನೇ.

ನನ್ನ ಲಾಗ್‌ಬುಕ್ಕಿನಲ್ಲಿ ದಿನಾಂಕ, ಕಿಲೋಮೀಟರ್, ಲೀಟರ್, ಗಾಳಿಯ ಒತ್ತಡ, ಮಾಡಿಸಿದ ಕೆಲಸ ಎಂಬ ಐದು ಅಂಕಣಗಳಿವೆ. ಆರನೆಯದನ್ನು ಈಚೆಗೆ ಸೇರಿಸಿದ್ದೇನೆ. ಸರ್ಕಾರಿ ಪುಸ್ತಕದಲ್ಲಿದ್ದು, ನಾನು ಎಂದೂ ಗಮನವಿಟ್ಟು ಓದಿರದ ‘ಪ್ರವಾಸದ ಉದ್ದೇಶ’ ಎಂಬ ಅಂಕಣ ಅದು. ಆ ಜಾಗದಲ್ಲಿ ಬರೆಯಲು ಏನೂ ತೋಚದ ದಿನ ಕಾರಿನ ಕೀಲಿಕೈಯನ್ನು ಮತ್ತೆ ಮೊಳೆಗೆ ನೇತುಹಾಕುತ್ತೇನೆ.